ಮೂರು ಉಪಚಾರಗಳ ಹೋಲಿಕೆ: ಜೋಡಿಜೋಡಿಯಾಗಿ ಟಿ ಪರೀಕ್ಷೆಯೇ, ಒಂದೇ ಅನೋವಾವೇ?

ಪೊನ್ನಂಪೇಟೆಯ ಸ್ನಾತಕೋತ್ತರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನನ್ನ ಪ್ರಬಂಧಕ್ಕಾಗಿ ದಕ್ಷಿಣ ಕೊಡಗಿನ ಒಂದು ರೊಬಸ್ಟಾ ಕಾಫಿ ತೋಟದಲ್ಲಿ ಸುಣ್ಣದ ಪ್ರಯೋಗವನ್ನು ನಡೆಸುತ್ತಿದ್ದೇನೆ. ನಮ್ಮ ಮಳೆಗೆ ಮಣ್ಣಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೊಳೆದು ಹೋಗಿ ತೋಟದ ಮಣ್ಣು ಹುಳಿಯಾಗುವುದು ಇಲ್ಲಿರುವ ಬೆಳೆಗಾರರಿಗೆಲ್ಲ ತಿಳಿದಿರುವ ವಿಷಯ. ಏನೂ ಹಾಕದ ತಾಕು, ಕೃಷಿ ಸುಣ್ಣ ಹಾಕಿದ ತಾಕು, ಡಾಲೊಮೈಟ್ (ಮೆಗ್ನೀಸಿಯಂ ಕೂಡ ಇರುವ ಸುಣ್ಣಕಲ್ಲಿನ ಪುಡಿ) ಹಾಕಿದ ತಾಕು ಎಂದು ಮೂರು ಉಪಚಾರಗಳಿವೆ. ಜಾಗ ಇಳಿಜಾರಾಗಿರುವುದರಿಂದ ದಿಣ್ಣೆಯ ನೆತ್ತಿಯಿಂದ ಗದ್ದೆಯ ಅಂಚಿನವರೆಗೆ ನಾಲ್ಕು ಬ್ಲಾಕ್‌ಗಳನ್ನು ಮಾಡಿ, ಪ್ರತಿ ಬ್ಲಾಕ್‌ನೊಳಗೆ ಮೂರು ಉಪಚಾರಗಳನ್ನೂ ಚೀಟಿ ಎತ್ತಿ ಹಂಚಿದ್ದೇವೆ. ಅಳೆಯುತ್ತಿರುವುದು ಗಿಡವೊಂದಕ್ಕೆ ಸಿಕ್ಕ ಹಣ್ಣಿನ ತೂಕವನ್ನು.

ಸರಾಸರಿಗಳನ್ನು ಹೋಲಿಸುವಾಗ ಎರಡು ಗುಂಪುಗಳಿದ್ದರೆ ಟಿ ಪರೀಕ್ಷೆ, ಅದಕ್ಕಿಂತ ಹೆಚ್ಚಿದ್ದರೆ ಅನೋವಾ (ವೇರಿಯನ್ಸ್, ಅಂದರೆ ಏರುಪೇರಿನ ವಿಶ್ಲೇಷಣೆ) ಎಂಬ ನಿಯಮವನ್ನು ತರಗತಿಯಲ್ಲಿ ಬರೆದುಕೊಂಡಿದ್ದೇನೆ; ಅದರ ಕಾರಣ ಮಾತ್ರ ನನಗೆ ಸ್ಪಷ್ಟವಾಗಿಲ್ಲ. ನನಗೆ ಬೇಕಾಗಿರುವುದು ಎರಡೇ ಉತ್ತರಗಳು. ಹುಳಿ ತಗ್ಗಿಸಿದರೆ ಇಳುವರಿ ಹೆಚ್ಚುತ್ತದೆಯೇ, ಮತ್ತು ಸುಣ್ಣಕ್ಕಿಂತ ಡಾಲೊಮೈಟ್ ಮೇಲೇ? ಹಾಗಿರುವಾಗ ಬೇಕಾದ ಜೋಡಿಗಳಿಗೆ ಟಿ ಪರೀಕ್ಷೆ ಮಾಡಿದರೆ ಸಾಲದೇ ಎಂದು ನಮ್ಮ ಹಿರಿಯ ಸಹಪಾಠಿಯೊಬ್ಬರು ಕೇಳುತ್ತಾರೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಮಡಿಕೇರಿಯ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಸೇರಿಕೊಂಡಿವೆ. ಮೊದಲು ತರಗತಿಯಲ್ಲಿ ಕಲಿತ ನಿಯಮದ ಕಾರಣವನ್ನು ಹೇಳುತ್ತೇನೆ.

ಶೇ. 5ರ ಮಟ್ಟದಲ್ಲಿ ಒಂದು ಟಿ ಪರೀಕ್ಷೆ ಮಾಡುವುದೆಂದರೆ, ನಿಜವಾಗಿ ವ್ಯತ್ಯಾಸವೇ ಇಲ್ಲದ ಕಡೆಯೂ ನೂರರಲ್ಲಿ ಐದು ಸಲ ವ್ಯತ್ಯಾಸವಿದೆ ಎಂದು ಹೇಳಿಬಿಡುವ ಅಪಾಯವನ್ನು ಒಪ್ಪಿಕೊಂಡಂತೆ. ಮೂರು ಗುಂಪುಗಳಿದ್ದರೆ ಮೂರು ಜೋಡಿಗಳಾಗುತ್ತವೆ, ಐದು ಗುಂಪುಗಳಿದ್ದರೆ ಹತ್ತು. ಪ್ರತಿ ಜೋಡಿಗೂ ಬೇರೆಬೇರೆಯಾಗಿ ಅದೇ ಅಪಾಯವನ್ನು ಒಪ್ಪಿಕೊಳ್ಳುತ್ತ ಹೋದರೆ, ಎಲ್ಲಾದರೂ ಒಂದು ಕಡೆ ಸುಳ್ಳು ವ್ಯತ್ಯಾಸ ಕಾಣಿಸಿಕೊಳ್ಳುವ ಸಂಭವ ಏರುತ್ತದೆ. ಮೂರು ಪರೀಕ್ಷೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಅದು ಶೇ. 14ರಷ್ಟಾಗುತ್ತಿತ್ತು. ಆದರೆ ಒಂದೇ ಗುಂಪು ಎರಡು ಜೋಡಿಗಳಲ್ಲಿ ಬರುವುದರಿಂದ ಅವು ಸ್ವತಂತ್ರವಲ್ಲ. ದೊಡ್ಡ ಮಾದರಿಗಳಲ್ಲಿ ನಿಜವಾದ ಸಂಭವ ಮೂರು ಗುಂಪುಗಳಿಗೆ ಸುಮಾರು ಶೇ. 12, ನಾಲ್ಕಕ್ಕೆ ಶೇ. 20, ಐದಕ್ಕೆ ಶೇ. 29ರಷ್ಟಿರುತ್ತದೆ. ಹತ್ತು ತಳಿಗಳನ್ನು ಜೋಡಿಜೋಡಿಯಾಗಿ ಹೋಲಿಸುವವರಿಗೆ ಏನಾದೀತೆಂದು ನೀವೇ ಊಹಿಸಬಹುದು. ಅನೋವಾ ಕೇಳುವುದು ಒಂದೇ ಪ್ರಶ್ನೆಯನ್ನು: ಗುಂಪುಗಳ ಸರಾಸರಿಗಳು ಒಂದರಿಂದೊಂದು ದೂರವಿರುವ ಪ್ರಮಾಣ, ಗುಂಪುಗಳೊಳಗಿನ ಸಹಜ ಏರುಪೇರಿನಿಂದಷ್ಟೇ ಬರಬಹುದಾದುದಕ್ಕಿಂತ ಹೆಚ್ಚಾಗಿದೆಯೇ? ಪ್ರಶ್ನೆ ಒಂದೇ ಆದುದರಿಂದ ಅಪಾಯವೂ ಶೇ. 5ರಲ್ಲೇ ನಿಲ್ಲುತ್ತದೆ.

ಈ ಎರಡು ವಿಧಾನಗಳನ್ನು ಎದುರಾಳಿಗಳೆಂದು ತಿಳಿಯಬೇಡಿ. ಎರಡೇ ಗುಂಪುಗಳಿಗೆ ಅನೋವಾ ಮಾಡಿದರೆ ಸಿಗುವ ಎಫ್ ಬೆಲೆ (ಗುಂಪುಗಳ ನಡುವಿನ ಏರುಪೇರನ್ನು ಗುಂಪುಗಳೊಳಗಿನ ಏರುಪೇರಿನಿಂದ ಭಾಗಿಸಿದ ಅಂಕಿ), ಸಮಾನ ವೇರಿಯನ್ಸ್ ಊಹಿಸಿದ ಟಿ ಬೆಲೆಯ (ವ್ಯತ್ಯಾಸವನ್ನು ಅದರ ಅನಿಶ್ಚಿತತೆಯಿಂದ ಭಾಗಿಸಿದ ಅಂಕಿಯ) ವರ್ಗವೇ ಆಗಿರುತ್ತದೆ. ಪಿ ಬೆಲೆಯೂ (ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಅದೇ. ಎರಡೂ ಹುಟ್ಟಿದ್ದು ಬೆಳೆಯ ಸುತ್ತಮುತ್ತಲೇ ಎಂಬುದು ನನಗೆ ಯಾವತ್ತೂ ಇಷ್ಟವಾದ ಸಂಗತಿ. ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿ ಬಾರ್ಲಿಯಂತಹ ಕಚ್ಚಾ ಸಾಮಗ್ರಿಯ ಸಣ್ಣಸಣ್ಣ ಮಾದರಿಗಳೊಂದಿಗೆ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಅವರು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಲೇಖನವೇ ಟಿ ಪರೀಕ್ಷೆಯ ಮೂಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಅವರು ಅಲ್ಲಿನ ಗೊಬ್ಬರ ಮತ್ತು ತಳಿಗಳ ಪ್ರಯೋಗಗಳನ್ನು ವಿಶ್ಲೇಷಿಸುತ್ತ ಅನೋವಾವನ್ನು ಬೆಳೆಸಿದರು. ಬ್ಲಾಕ್ ಮಾಡಿ ಚೀಟಿ ಎತ್ತುವ ನಿಮ್ಮ ಕ್ರಮವೂ ಅಲ್ಲಿಂದಲೇ ಬಂದದ್ದು.

ಸುಂಟಿಕೊಪ್ಪದ ಕಾಫಿ ಬೆಳೆಗಾರ

ಮೇಡಂ, ನಾನು ಸಂಖ್ಯಾಶಾಸ್ತ್ರ ಓದಿದವನಲ್ಲ, ಆದರೆ ನನ್ನ ತೋಟದ ವಿಷಯವನ್ನು ಅಂದಾಜಿನ ಮೇಲೆ ಬಿಡಲು ಇಷ್ಟವಿಲ್ಲ. ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿದರೆ ರೊಬಸ್ಟಾ ಕಾಯಿಕಟ್ಟುವುದರಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ನೋಡಬೇಕೆಂದಿದ್ದೇನೆ. ತೋಟದ ನಡುವೆ ಹಾದುಹೋಗುವ ದಾರಿಯ ಒಂದು ಪಕ್ಕಕ್ಕೆ ನೀರು ಹಾಯಿಸಿ, ಇನ್ನೊಂದು ಪಕ್ಕವನ್ನು ಮಳೆಗೆ ಬಿಟ್ಟು, ಎರಡೂ ಕಡೆ ಮೂವತ್ತು ಮೂವತ್ತು ಗಿಡಗಳನ್ನು ಗುರುತಿಸುವ ಯೋಚನೆಯಿದೆ. ಇಲ್ಲಿ ಇರುವುದು ಎರಡೇ ಗುಂಪುಗಳಾದ್ದರಿಂದ ಟಿ ಪರೀಕ್ಷೆಯೇ ಸಾಕಲ್ಲವೇ?

ಚೆಟ್ಟಳ್ಳಿ ಕಡೆಯ ಕ್ಷೇತ್ರ ಸಂಶೋಧನಾ ಸಹಾಯಕ

ಮೇಡಂ ಅವರ ಅನುಮತಿಯಿಂದ ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಕ್ಷೇತ್ರದಲ್ಲಿ ನಾವು ಅತಿ ಹೆಚ್ಚು ಸಲ ಎದುರಿಸುವ ತೊಡಕು ಇದೇ.

ಸರ್, ಗುಂಪುಗಳು ಎರಡೇ ಇದ್ದರೂ ಆ ಅರವತ್ತು ಗಿಡಗಳ ಮೇಲಿನ ಟಿ ಪರೀಕ್ಷೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ದಾರಿಯ ಒಂದು ಪಕ್ಕದ ಮಣ್ಣು ಆಳವಾಗಿರಬಹುದು, ಇನ್ನೊಂದು ಪಕ್ಕದಲ್ಲಿ ಸಿಲ್ವರ್ ಓಕ್ ಹೆಚ್ಚಿದ್ದು ಮರಗಸಿ (ನೆರಳಿನ ಮರಗಳ ಕೊಂಬೆ ಕತ್ತರಿಸುವುದು) ಬೇರೆ ಸಮಯದಲ್ಲಿ ಆಗಿರಬಹುದು, ಬಿಸಿಲು ಬೀಳುವ ದಿಕ್ಕೂ ಬೇರೆಯಾಗಿರಬಹುದು. ಟಿ ಪರೀಕ್ಷೆ ‘ಎರಡು ಪಕ್ಕಗಳು ಬೇರೆಯಾಗಿವೆ’ ಎಂದು ಹೇಳಬಲ್ಲದೇ ಹೊರತು, ಆ ವ್ಯತ್ಯಾಸ ನೀರಿನಿಂದ ಬಂದದ್ದು ಎಂದು ಹೇಳಲಾರದು. ನೀರನ್ನು ಕೊಟ್ಟದ್ದು ಒಂದೊಂದು ಗಿಡಕ್ಕಲ್ಲ, ಇಡೀ ಒಂದು ಪಕ್ಕಕ್ಕೆ. ಆದ್ದರಿಂದ ಪ್ರತಿ ಉಪಚಾರಕ್ಕೆ ಇರುವ ಪುನರಾವರ್ತನೆ ಮೂವತ್ತಲ್ಲ, ಒಂದೇ. ಇದನ್ನು ಹುಸಿ ಪುನರಾವರ್ತನೆ ಎನ್ನುತ್ತೇವೆ. ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ ಅವರು 1984ರಲ್ಲಿ ಈ ದೋಷದ ಬಗ್ಗೆ ವಿವರವಾಗಿ ಬರೆದ ಮೇಲೆ ವಿಮರ್ಶಕರು ಮೊದಲು ಹುಡುಕುವುದೇ ಇದನ್ನು.

ನೀವು ಇನ್ನೂ ಆರಂಭಿಸಿಲ್ಲವಾದ್ದರಿಂದ ದಾರಿ ಸುಲಭವಿದೆ. ತೋಟದ ಬೇರೆಬೇರೆ ಕಡೆ, ಮಣ್ಣು ಮತ್ತು ನೆರಳು ಒಂದೇ ರೀತಿ ಇರುವಲ್ಲಿ, ಅಕ್ಕಪಕ್ಕದ ಎರಡೆರಡು ತಾಕುಗಳ ಜೋಡಿಗಳನ್ನು ಮಾಡಿ. ಪ್ರತಿ ಜೋಡಿಯಲ್ಲಿ ಯಾವ ತಾಕಿಗೆ ನೀರು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಸ್ಪ್ರಿಂಕ್ಲರ್ ನೀರು ಪಕ್ಕದ ತಾಕಿಗೂ ಹಾರುವುದರಿಂದ ನಡುವಿನ ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಿ. ಪ್ರತಿ ತಾಕಿನ ಗಿಡಗಳ ಸರಾಸರಿಯನ್ನು ಒಂದು ಅಂಕಿಯಾಗಿ ಹಿಡಿದು ಜೋಡಿ ಟಿ ಪರೀಕ್ಷೆ (ಪ್ರತಿ ಜೋಡಿಯೊಳಗಿನ ಅಂತರಗಳ ಮೇಲಿನ ಟಿ ಪರೀಕ್ಷೆ) ಮಾಡಿ. ಇಲ್ಲಿ ತೂಕ ಬರುವುದು ಗಿಡಗಳ ಸಂಖ್ಯೆಗಿಂತ ಜೋಡಿಗಳ ಸಂಖ್ಯೆಗೆ. ಮೂರೇ ಜೋಡಿಗಳಿದ್ದರೆ ಟಿ ಬೆಲೆ 4.30 ದಾಟಬೇಕು, ಆರು ಜೋಡಿಗಳಿದ್ದರೆ 2.57 ದಾಟಿದರೆ ಸಾಕು. ತಾಕಿಗೆ ಮೂವತ್ತು ಗಿಡಗಳ ಬದಲು ಹತ್ತನ್ನು ಅಳೆದು, ಉಳಿದ ಶ್ರಮವನ್ನು ಹೆಚ್ಚು ಜೋಡಿಗಳಿಗೆ ಹಾಕುವುದು ಒಳ್ಳೆಯದು.

ಸುಂಟಿಕೊಪ್ಪದ ಕಾಫಿ ಬೆಳೆಗಾರ

ಬಹಳ ಉಪಕಾರವಾಯಿತು. ಪೈಪಿನ ಲೈನ್ ಹೋಗಿರುವ ರೀತಿಯಲ್ಲಿ ಆರು ಜೋಡಿಗಳನ್ನು ಹೊಂದಿಸಲು ಸಾಧ್ಯವಿದೆ. ಔಟ್‌ಟರ್ನ್ (ಹಣ್ಣಿನಿಂದ ಸಿಗುವ ಒಣ ಕಾಫಿಯ ಪ್ರಮಾಣ) ಲೆಕ್ಕವನ್ನೂ ತಾಕಿನ ಪ್ರಕಾರವೇ ಬೇರೆ ಇಡುತ್ತೇನೆ.

ಪೊನ್ನಂಪೇಟೆಯ ಸ್ನಾತಕೋತ್ತರ ವಿದ್ಯಾರ್ಥಿನಿ

ಈ ಉತ್ತರದಿಂದ ನನಗೊಂದು ಹೊಸ ಪ್ರಶ್ನೆ ಹುಟ್ಟಿತು. ನನ್ನ ಬ್ಲಾಕ್‌ಗಳೂ ಒಂದು ಬಗೆಯ ಜೋಡಣೆಯೇ ತಾನೇ? ಹಾಗಾದರೆ ಎರಡೆರಡು ಉಪಚಾರಗಳನ್ನು ಹಿಡಿದು ಜೋಡಿ ಟಿ ಪರೀಕ್ಷೆ ಮಾಡುವುದಕ್ಕೂ ಮೂರನ್ನೂ ಒಟ್ಟಿಗೆ ಅನೋವಾಕ್ಕೆ ಹಾಕುವುದಕ್ಕೂ ತಪ್ಪಿನ ಸಂಭವದ ಹೊರತು ಬೇರೆ ವ್ಯತ್ಯಾಸವಿದೆಯೇ?

ಮಡಿಕೇರಿಯ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯವಾದುದು. ಸಹಾಯಕರು ಹೇಳಿದ ಮಾತನ್ನೇ ಮುಂದುವರಿಸುತ್ತೇನೆ: ಯಾವ ಪರೀಕ್ಷೆ ಎಂಬುದನ್ನು ಗುಂಪುಗಳ ಎಣಿಕೆಗಿಂತ ಮೊದಲು ನಿರ್ಧರಿಸುವುದು ತಾಕುಗಳನ್ನು ನೆಲದ ಮೇಲೆ ಹಂಚಿದ ರೀತಿ. ಲೆಕ್ಕ ಮಾಡಿಯೇ ತೋರಿಸುತ್ತೇನೆ. ಇವು ಯಾರ ಪ್ರಯೋಗದ ಅಂಕಿಗಳೂ ಅಲ್ಲ, ಕೈಲೆಕ್ಕಕ್ಕೆ ಅನುಕೂಲವಾಗಲೆಂದು ನಾನೇ ಊಹಿಸಿಕೊಂಡ ಪೂರ್ಣಾಂಕಗಳು.

ನೆತ್ತಿಯ ಬ್ಲಾಕ್‌ನಿಂದ ಕೆಳಕ್ಕೆ ಕ್ರಮವಾಗಿ, ಗಿಡವೊಂದಕ್ಕೆ ಕಿಲೋ ಲೆಕ್ಕದಲ್ಲಿ, ಏನೂ ಹಾಕದ ತಾಕುಗಳಲ್ಲಿ 6, 8, 7, 7. ಸುಣ್ಣದ ತಾಕುಗಳಲ್ಲಿ 7, 8, 9, 8. ಡಾಲೊಮೈಟ್ ತಾಕುಗಳಲ್ಲಿ 8, 9, 9, 10 ಎಂದಿಟ್ಟುಕೊಳ್ಳಿ. ಸರಾಸರಿಗಳು 7, 8 ಮತ್ತು 9. ಒಟ್ಟು ವರ್ಗಮೊತ್ತ (ಪ್ರತಿ ಅಂಕಿ ಒಟ್ಟು ಸರಾಸರಿಯಾದ 8ರಿಂದ ಎಷ್ಟು ದೂರ ಎಂಬುದರ ವರ್ಗಗಳ ಮೊತ್ತ) 14. ಅದರಲ್ಲಿ ಉಪಚಾರಗಳ ಪಾಲು 8, ಉಳಿದದ್ದು 6. ಬ್ಲಾಕ್‌ಗಳನ್ನು ಮರೆತು ಏಕಮುಖ ಅನೋವಾ ಮಾಡಿದರೆ, 8ನ್ನು 2ರಿಂದಲೂ 6ನ್ನು 9ರಿಂದಲೂ (ಇವು ಡಿಗ್ರಿ ಆಫ್ ಫ್ರೀಡಂ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ) ಭಾಗಿಸಿ ಎಫ್ ಬೆಲೆ 6 ಬರುತ್ತದೆ, ಪಿ ಬೆಲೆ ಸುಮಾರು 0.022. ಆದರೆ ಆ 6ರಲ್ಲಿ 4 ಬಂದಿರುವುದು ಬ್ಲಾಕ್‌ಗಳ ವ್ಯತ್ಯಾಸದಿಂದ, ಮುಖ್ಯವಾಗಿ ನೆತ್ತಿಯ ತಾಕುಗಳು ಸೊರಗಿರುವುದರಿಂದ. ಅದನ್ನು ಬೇರೆ ಮಾಡಿದಾಗ ದೋಷದ (ಅಂದರೆ ವಿವರಣೆಯಿಲ್ಲದೆ ಉಳಿದ ಏರುಪೇರಿನ) ವರ್ಗಮೊತ್ತ ಬರೀ 2, ಅದರ ಡಿಗ್ರಿ ಆಫ್ ಫ್ರೀಡಂ 6, ಎಫ್ ಬೆಲೆ 12, ಪಿ ಬೆಲೆ 0.008. ಅಂಕಿಗಳು ಅವೇ, ಅವುಗಳ ಹಿಂದಿನ ವಿನ್ಯಾಸವನ್ನು ಗೌರವಿಸಿದ ಮಾತ್ರಕ್ಕೆ ಸಾಕ್ಷ್ಯ ಇಷ್ಟು ಗಟ್ಟಿಯಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಏನೂ ಹಾಕದ ತಾಕು ಮತ್ತು ಸುಣ್ಣದ ತಾಕುಗಳ ನಡುವಿನ ವ್ಯತ್ಯಾಸ ಬ್ಲಾಕ್‌ಗಳ ಪ್ರಕಾರ 1, 0, 2, 1. ಬರೀ ಈ ಜೋಡಿಗೆ ಟಿ ಪರೀಕ್ಷೆ ಮಾಡಿದರೆ ಟಿ ಬೆಲೆ 2.449, ಡಿಗ್ರಿ ಆಫ್ ಫ್ರೀಡಂ 3, ದಾಟಬೇಕಾದ ಗಡಿ 3.182. ಅಂದರೆ ಗಣನೀಯವಲ್ಲ. ಅನೋವಾದ ಒಟ್ಟಾರೆ ದೋಷವನ್ನು ಬಳಸಿ ಅದೇ ಜೋಡಿಯನ್ನು ಹೋಲಿಸಿದರೂ ಈ ಉದಾಹರಣೆಯಲ್ಲಿ ಟಿ ಬೆಲೆ 2.449 ಆಗಿಯೇ ಬರುತ್ತದೆ, ಆದರೆ ಡಿಗ್ರಿ ಆಫ್ ಫ್ರೀಡಂ 6 ಆಗಿರುವುದರಿಂದ ಗಡಿ 2.447ಕ್ಕೆ ಇಳಿದಿರುತ್ತದೆ. ಡಾಲೊಮೈಟ್ ತಾಕುಗಳು ಈ ಜೋಡಿಯಲ್ಲಿ ಇಲ್ಲದಿದ್ದರೂ ತೋಟದ ಸಹಜ ಏರುಪೇರು ಎಷ್ಟು ಎಂಬುದನ್ನು ಅಂದಾಜಿಸಲು ನೆರವಾಗುತ್ತಿವೆ. ಜೋಡಿಜೋಡಿಯಾಗಿ ಒಡೆದವರು ಆ ನೆರವನ್ನು ಕೈಬಿಡುತ್ತಾರೆ. ಹೀಗಾಗಿ ಒಡೆದ ಟಿ ಪರೀಕ್ಷೆಗಳಿಂದ ಎರಡು ಬಗೆಯ ನಷ್ಟವಿದೆ: ಒಟ್ಟಾರೆಯಾಗಿ ಸುಳ್ಳು ವ್ಯತ್ಯಾಸದ ಅಪಾಯ ಏರುತ್ತದೆ, ಬಿಡಿಬಿಡಿಯಾಗಿ ನಿಜವಾದ ವ್ಯತ್ಯಾಸವನ್ನು ಹಿಡಿಯುವ ಶಕ್ತಿ ಇಳಿಯುತ್ತದೆ.

ಚೆಟ್ಟಳ್ಳಿ ಕಡೆಯ ಕ್ಷೇತ್ರ ಸಂಶೋಧನಾ ಸಹಾಯಕ

ಮೇಡಂ, ನಮ್ಮ ವರದಿಗಳಲ್ಲಿ ಎಫ್ ಗಣನೀಯವಾದ ಮೇಲೆ ಸಿಡಿ (ಕ್ರಿಟಿಕಲ್ ಡಿಫರೆನ್ಸ್, ಅಂದರೆ ದಾಟಬೇಕಾದ ಕನಿಷ್ಠ ಅಂತರ) ಬೆಲೆ ಕೊಟ್ಟು, ಅದಕ್ಕಿಂತ ಹೆಚ್ಚು ಅಂತರವಿರುವ ಉಪಚಾರಗಳನ್ನು ಬೇರೆಯೆಂದು ಬರೆಯುವ ರೂಢಿಯಿದೆ. ಎಲ್ಲ ಜೋಡಿಗಳ ಒಟ್ಟು ಅಪಾಯವನ್ನು ಶೇ. 5ರಲ್ಲಿಡುವ ಟ್ಯೂಕಿ ವಿಧಾನವೇ ಬೇಕೆಂದು ಈಗೀಗ ಪತ್ರಿಕೆಗಳ ವಿಮರ್ಶಕರು ಕೇಳುತ್ತಾರೆ. ನಿಮ್ಮ ಉದಾಹರಣೆಯಲ್ಲಿ ಸಿಡಿ 0.999 ಆಗುತ್ತದೆ, ಟ್ಯೂಕಿಯ ಅಂತರ 1.25 ಆಗುತ್ತದೆ. ಸಿಡಿ ಪ್ರಕಾರ ಮೂರೂ ಉಪಚಾರಗಳು ಬೇರೆ. ಟ್ಯೂಕಿ ಪ್ರಕಾರ ಏನೂ ಹಾಕದ ತಾಕು ಮತ್ತು ಡಾಲೊಮೈಟ್ ಮಾತ್ರ ಬೇರೆ, ಸುಣ್ಣ ಎರಡರಿಂದಲೂ ಬೇರೆಯಲ್ಲ. ಯಾವುದನ್ನು ನಂಬಬೇಕು?

ಮಡಿಕೇರಿಯ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಸಿಡಿ ಎಂಬುದು ಅನೋವಾದ ದೋಷವನ್ನು ಬಳಸಿದ ಟಿ ಪರೀಕ್ಷೆಯೇ. ಮೊದಲು ಎಫ್ ಗಣನೀಯವಾಗಿರಬೇಕು ಎಂಬ ನಿಬಂಧನೆಯನ್ನು ಪಾಲಿಸಿದರೆ, ಉಪಚಾರಗಳು ಸರಿಯಾಗಿ ಮೂರೇ ಇದ್ದಾಗ ಒಟ್ಟಾರೆ ತಪ್ಪಿನ ಸಂಭವ ಶೇ. 5ನ್ನು ಮೀರುವುದಿಲ್ಲ. ಆದ್ದರಿಂದ ಈ ವಿದ್ಯಾರ್ಥಿನಿಯ ಪ್ರಯೋಗಕ್ಕೆ ಸಿಡಿ ಬಳಸಿದರೆ ನಾನು ಆಕ್ಷೇಪಿಸುವುದಿಲ್ಲ. ನಾಲ್ಕು ಅಥವಾ ಹೆಚ್ಚು ಉಪಚಾರಗಳಾದ ಕೂಡಲೇ ಆ ಭರವಸೆ ಇಲ್ಲವಾಗುತ್ತದೆ. ಅಲ್ಲಿ ಎಲ್ಲ ಜೋಡಿಗಳನ್ನೂ ನೋಡಬೇಕಾದರೆ ಟ್ಯೂಕಿ ವಿಧಾನವನ್ನು ಬಳಸಿ, ಎಲ್ಲವನ್ನೂ ಒಂದೇ ನಿಯಂತ್ರಣ ತಾಕಿನೊಂದಿಗೆ ಮಾತ್ರ ಹೋಲಿಸುವುದಾದರೆ ಡನೆಟ್ ವಿಧಾನವನ್ನು ಬಳಸಿ. ಹತ್ತಾರು ಮೆಣಸಿನ ಬಳ್ಳಿಗಳ ಆಯ್ಕೆಗಳನ್ನು ಸಾಲಾಗಿಟ್ಟು ಸಿಡಿಯಿಂದ ಯಾವುದು ಬೇರೆ, ಯಾವುದು ಬೇರೆಯಲ್ಲ ಎಂದು ಸೂಚಿಸುವ ಅಕ್ಷರ ಹಚ್ಚುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ.

ಆದರೆ ವಿದ್ಯಾರ್ಥಿನಿಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಅವರು ಎರಡು ಪ್ರಶ್ನೆಗಳನ್ನು ಮೊದಲೇ ಹೇಳಿದ್ದಾರೆ, ಉಪಚಾರಗಳ ಡಿಗ್ರಿ ಆಫ್ ಫ್ರೀಡಂ ಕೂಡ ಎರಡೇ. ಏನೂ ಹಾಕದ ತಾಕನ್ನು ಸುಣ್ಣ ಮತ್ತು ಡಾಲೊಮೈಟ್‌ಗಳ ಜಂಟಿ ಸರಾಸರಿಯೊಂದಿಗೆ ಹೋಲಿಸುವುದು ಒಂದು. ಸುಣ್ಣವನ್ನು ಡಾಲೊಮೈಟ್‌ನೊಂದಿಗೆ ಹೋಲಿಸುವುದು ಇನ್ನೊಂದು. ಈ ಎರಡು ಹೋಲಿಕೆಗಳು ಒಂದರ ಮಾಹಿತಿಯನ್ನು ಇನ್ನೊಂದು ಹಂಚಿಕೊಳ್ಳುವುದಿಲ್ಲ. ಉಪಚಾರಗಳ ವರ್ಗಮೊತ್ತವಾದ 8 ಇವುಗಳ ನಡುವೆ 6 ಮತ್ತು 2 ಎಂದು ಶೇಷವಿಲ್ಲದೆ ಹಂಚಿಹೋಗುತ್ತದೆ. ದೋಷದ ಸರಾಸರಿ ವರ್ಗ (2ನ್ನು 6ರಿಂದ ಭಾಗಿಸಿದ್ದು) 0.333 ಆಗಿರುವುದರಿಂದ ಮೊದಲನೆಯದರ ಎಫ್ 18, ಎರಡನೆಯದರ ಎಫ್ 6, ಗಡಿ 5.99. ಹುಳಿ ತಗ್ಗಿಸಿದರೆ ಇಳುವರಿ ಹೆಚ್ಚುತ್ತದೆ ಎಂಬುದಕ್ಕೆ ಸಾಕ್ಷ್ಯ ಬಲವಾಗಿದೆ, ಸುಣ್ಣಕ್ಕಿಂತ ಡಾಲೊಮೈಟ್ ಮೇಲು ಎಂಬುದಕ್ಕೆ ಸಾಕ್ಷ್ಯ ಗಡಿಯಲ್ಲೇ ನಿಂತಿದೆ. ಹಿರಿಯ ಸಹಪಾಠಿಯ ಸಲಹೆಯಲ್ಲಿದ್ದ ಸರಿಯಾದ ಅಂಶವೂ ಇದೇ: ಬೇಕಾದುದನ್ನು ಮಾತ್ರ ಕೇಳಬಹುದು, ಆದರೆ ಅಂಕಿಗಳನ್ನು ನೋಡುವ ಮೊದಲೇ ಕೇಳಿರಬೇಕು, ಮತ್ತು ಅನೋವಾದ ದೋಷದಿಂದಲೇ ಅಳೆಯಬೇಕು. ಕಟಾವು ಮುಗಿದ ಮೇಲೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಸರಾಸರಿಗಳನ್ನು ಆರಿಸಿ ‘ಇದೇ ನನ್ನ ಪ್ರಶ್ನೆಯಾಗಿತ್ತು’ ಎನ್ನುವಂತಿಲ್ಲ.

ವಿರಾಜಪೇಟೆಯ ಕಾಲೇಜು ಉಪನ್ಯಾಸಕ

ಮೇಡಂ, ನನ್ನದು ತೋಟದ ವಿಷಯವಲ್ಲದಿದ್ದರೂ ಸಮಸ್ಯೆ ಹತ್ತಿರದ್ದೇ. ಕನ್ನಡ ಮಾಧ್ಯಮದಿಂದ ಬಂದವರು, ಇಂಗ್ಲಿಷ್ ಮಾಧ್ಯಮದಿಂದ ಬಂದವರು ಮತ್ತು ನಡುವೆ ಮಾಧ್ಯಮ ಬದಲಿಸಿದವರು ಎಂಬ ಮೂರು ಗುಂಪುಗಳ ಅಂಕಗಳನ್ನು ಹೋಲಿಸಬೇಕಿದೆ. ಮೂರನೆಯ ಗುಂಪು ತೀರಾ ಚಿಕ್ಕದು, ಅದರೊಳಗೆ ಅಂಕಗಳ ಚದುರುವಿಕೆ ಮಾತ್ರ ಬಹಳ ಹೆಚ್ಚು. ಲೆವೀನ್ ಪರೀಕ್ಷೆ ಮಾಡಿ, ವೇರಿಯನ್ಸ್‌ಗಳು ಸಮವಾಗಿದ್ದರೆ ಅನೋವಾ, ಇಲ್ಲದಿದ್ದರೆ ಕ್ರುಸ್ಕಲ್ ವಾಲಿಸ್ ಎಂದು ತರಬೇತಿಯೊಂದರಲ್ಲಿ ಹೇಳಿದ್ದರು.

ಮಡಿಕೇರಿಯ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಸರ್, ಆ ಸಲಹೆಯನ್ನು ನಾನು ಕೊಡುವುದಿಲ್ಲ. ಚಿಕ್ಕ ಗುಂಪಿನಲ್ಲಿ ವೇರಿಯನ್ಸ್ ಹೆಚ್ಚಿದ್ದರೆ ಸಾಮಾನ್ಯ ಅನೋವಾ ಇಲ್ಲದ ವ್ಯತ್ಯಾಸವನ್ನು ಶೇ. 5ಕ್ಕಿಂತ ಹೆಚ್ಚು ಸಲ ತೋರಿಸುತ್ತದೆ. ದೊಡ್ಡ ಗುಂಪಿನಲ್ಲಿ ಹೆಚ್ಚಿದ್ದರೆ ಇರುವ ವ್ಯತ್ಯಾಸವನ್ನೂ ಮುಚ್ಚಿಡುತ್ತದೆ. ನಿಮ್ಮದು ಮೊದಲನೆಯ, ಹೆಚ್ಚು ಅಪಾಯಕಾರಿಯಾದ ಸ್ಥಿತಿ. ಲೆವೀನ್ ಪರೀಕ್ಷೆ ಚಿಕ್ಕ ಗುಂಪುಗಳಲ್ಲಿ ಈ ಅಸಮಾನತೆಯನ್ನು ಹಿಡಿಯಲು ಅಷ್ಟು ಸಮರ್ಥವಲ್ಲ. ಮೊದಲಿನಿಂದಲೇ, ವೇರಿಯನ್ಸ್‌ಗಳು ಸಮವೆಂದು ಊಹಿಸದ ವೆಲ್ಚ್ ಅವರ ಅನೋವಾವನ್ನು ಬಳಸಿ. ಎರಡು ಗುಂಪುಗಳಿಗೆ ಅವರ ಟಿ ಪರೀಕ್ಷೆ 1947ರಿಂದಲೂ, ಹೆಚ್ಚು ಗುಂಪುಗಳಿಗೆ ಅದರ ವಿಸ್ತರಣೆ 1951ರಿಂದಲೂ ಇದೆ. ಕ್ರುಸ್ಕಲ್ ವಾಲಿಸ್ ಅಂಕಗಳ ಬದಲು ಶ್ರೇಣಿಗಳನ್ನು ಹೋಲಿಸುತ್ತದೆ, ಆದರೆ ಅಸಮಾನ ಚದುರುವಿಕೆಗೆ ಅದು ಮದ್ದಲ್ಲ. ನಾರ್ಮಲ್ (ಗಂಟೆಯಾಕಾರದ) ಹಂಚಿಕೆಯ ಬಗ್ಗೆಯೂ ಒಂದು ಮಾತು: ನಾರ್ಮಲ್ ಆಗಿರಬೇಕಾದದ್ದು ಗುಂಪಿನ ಸರಾಸರಿಯನ್ನು ಕಳೆದ ಮೇಲೆ ಉಳಿಯುವ ಶೇಷಗಳು, ಎಲ್ಲ ಗುಂಪುಗಳನ್ನೂ ಕಲಸಿದ ಅಂಕಿಗಳಲ್ಲ.

ಚೆಟ್ಟಳ್ಳಿ ಕಡೆಯ ಕ್ಷೇತ್ರ ಸಂಶೋಧನಾ ಸಹಾಯಕ

ಇದಕ್ಕೆ ಸೇರಿಸಬೇಕಾದ ಒಂದು ವಿಷಯವಿದೆ. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡಗಳೆಷ್ಟು ಎಂಬಂತಹ ಎಣಿಕೆಗಳಿಗೆ ಟಿ ಪರೀಕ್ಷೆಯೂ ಅನೋವಾವೂ ನೇರವಾಗಿ ಹೊಂದುವುದಿಲ್ಲ. ಗಿಡಕ್ಕೆ ಕೊರಕ ಹೊಕ್ಕಿದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳಿರುವಾಗ ಹೊಕ್ಕಿರುವ ಸಂಭವವನ್ನು ಅಂದಾಜಿಸುವ ಲಾಜಿಸ್ಟಿಕ್ ಮಾದರಿಯೇ ಸೂಕ್ತ, ಅದರಲ್ಲೂ ತಾಕು ಮತ್ತು ಬ್ಲಾಕ್‌ಗಳನ್ನು ಸೇರಿಸಬೇಕು.

ಪೊನ್ನಂಪೇಟೆಯ ಸ್ನಾತಕೋತ್ತರ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ಹೋಲಿಕೆಗಳನ್ನು ಕಟಾವಿಗೆ ಮೊದಲೇ ಪ್ರಬಂಧದ ಯೋಜನೆಯಲ್ಲಿ ಬರೆದು ಮಾರ್ಗದರ್ಶಕರ ಸಹಿ ಪಡೆಯುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಇವೇ ತಾಕುಗಳಿಂದ ಎರಡು ವರ್ಷಗಳ ಇಳುವರಿ ಸಿಗಲಿದೆ. ಆಗ ಹನ್ನೆರಡು ತಾಕುಗಳ ಬದಲು ಇಪ್ಪತ್ನಾಲ್ಕು ಅಂಕಿಗಳಿರುತ್ತವೆ. ಅವನ್ನೆಲ್ಲ ಒಟ್ಟಿಗೆ ಸೇರಿಸಿದರೆ ಪರೀಕ್ಷೆ ಇನ್ನಷ್ಟು ಬಲವಾಗುತ್ತದೆಯೇ?

ಮಡಿಕೇರಿಯ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಅವನ್ನು ಇಪ್ಪತ್ನಾಲ್ಕು ಸ್ವತಂತ್ರ ಅಂಕಿಗಳೆಂದು ಎಣಿಸಿದರೆ ಬೆಳೆಗಾರರ ಅರವತ್ತು ಗಿಡಗಳ ತೊಡಕೇ ಇಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ಕಾಫಿ ಗಿಡ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಕಡಿಮೆ ಬಿಡುತ್ತದೆ. ಅದೇ ತಾಕಿನ ಎರಡು ವರ್ಷಗಳ ಫಸಲು ಒಂದನ್ನೊಂದು ಅವಲಂಬಿಸಿರುತ್ತದೆ. ಪ್ರತಿ ತಾಕಿನ ಎರಡು ವರ್ಷಗಳ ಸರಾಸರಿಯನ್ನು ತೆಗೆದುಕೊಂಡು ಹನ್ನೆರಡು ಅಂಕಿಗಳ ಮೇಲೆ ಇದೇ ವಿಶ್ಲೇಷಣೆಯನ್ನು ಮಾಡಿ. ಏರಿಳಿತದ ವರ್ಷಗಳು ಸರಿದೂಗುವುದರಿಂದ ದೋಷವೂ ಸಾಮಾನ್ಯವಾಗಿ ತಗ್ಗುತ್ತದೆ. ಸುಣ್ಣ ಮಣ್ಣಿನಲ್ಲಿ ನಿಧಾನವಾಗಿ ಕೆಲಸ ಮಾಡುವ ವಸ್ತುವಾದ್ದರಿಂದ ಎರಡನೆಯ ವರ್ಷದಲ್ಲಿ ಪರಿಣಾಮ ಹೆಚ್ಚಿದೆಯೇ ಎಂಬ ಪ್ರಶ್ನೆಯೂ ನಿಮಗಿದ್ದರೆ, ಪ್ರತಿ ತಾಕಿನಲ್ಲಿ ಎರಡನೆಯ ವರ್ಷದಿಂದ ಮೊದಲ ವರ್ಷವನ್ನು ಕಳೆದ ಅಂತರಕ್ಕೆ ಪ್ರತ್ಯೇಕವಾಗಿ ಬ್ಲಾಕ್ ಸಹಿತ ಅನೋವಾ ಮಾಡಬಹುದು.

ಕೋಷ್ಟಕದಲ್ಲಿ ಬ್ಲಾಕ್‌ಗೆ 3, ಉಪಚಾರಕ್ಕೆ 2, ದೋಷಕ್ಕೆ 6, ಒಟ್ಟು 11 ಎಂದು ಡಿಗ್ರಿ ಆಫ್ ಫ್ರೀಡಂ ಬರೆಯಿರಿ. ಉಪಚಾರದ ಸಾಲಿನ ಕೆಳಗೆ ನಿಮ್ಮ ಎರಡು ಹೋಲಿಕೆಗಳನ್ನು ಒಂದೊಂದು ಡಿಗ್ರಿಯೊಂದಿಗೆ ತೋರಿಸಿ. ಗಣನೀಯತೆಯನ್ನು ಸೂಚಿಸುವ ನಕ್ಷತ್ರ ಚಿಹ್ನೆಗಳ ಬದಲು ಪಿ ಬೆಲೆಯನ್ನೂ ವ್ಯತ್ಯಾಸದ ವಿಶ್ವಾಸ ವ್ಯಾಪ್ತಿಯನ್ನೂ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯನ್ನು) ಕೊಡಿ. ನನ್ನ ಊಹೆಯ ಅಂಕಿಗಳಲ್ಲಿ ಸುಣ್ಣ ಮತ್ತು ಡಾಲೊಮೈಟ್ ನಡುವಿನ ವ್ಯತ್ಯಾಸ 1 ಕಿಲೋ, ಅದರ ಶೇ. 95ರ ವಿಶ್ವಾಸ ವ್ಯಾಪ್ತಿ 0.001ರಿಂದ 1.999 ಕಿಲೋವರೆಗೆ. ಇದನ್ನು ಓದಿದ ಬೆಳೆಗಾರರಿಗೆ ಡಾಲೊಮೈಟ್‌ನಿಂದ ಹೆಚ್ಚೂಕಡಿಮೆ ಏನೂ ಸಿಗದಿರಬಹುದು, ಎರಡು ಕಿಲೋ ಕೂಡ ಸಿಗಬಹುದು ಎಂಬುದು ತಿಳಿಯುತ್ತದೆ, ಮತ್ತು ಚೀಲದ ಬೆಲೆಯನ್ನು ಅದರ ಎದುರು ಇಟ್ಟು ಅವರೇ ಲೆಕ್ಕ ಹಾಕಿಕೊಳ್ಳಬಲ್ಲರು.